ಇಲ್ಲದ ಚಿತ್ರ ಹಾಳಾಗುವ ಬಗೆ

ಕಲ್ಪಿತ ಕಲ್ಟ್ ಚಿತ್ರಗಳ ನಿಮ್ಮ ಸಂಗ್ರಹದಲ್ಲಿ, 1974ರ ಚಿತ್ರವೊಂದರ ನೈಟ್ರೇಟ್ (ಸುಲಭವಾಗಿ ಹೊತ್ತಿಕೊಳ್ಳುವ ಹಳೆಯ ಬಗೆಯ ಫಿಲ್ಮ್) ರೀಲುಗಳು ಸುಟ್ಟುಹೋದವು ಎಂದು ಬರೆದರೆ ಓದುಗರು ನಂಬುತ್ತಾರೆಯೇ ಎಂದು ಕೇಳಿದ್ದೀರಿ. ಬಲ್ಲವರು ನಂಬುವುದಿಲ್ಲ. ನೈಟ್ರೇಟ್ ಫಿಲ್ಮಿನ ಕಾಲ 1950ರ ದಶಕದ ಆರಂಭಕ್ಕೇ ಮುಗಿದಿತ್ತು. ಬೆಂಕಿಯೇ ಬೇಕೆಂದರೆ ಚಿತ್ರವನ್ನು ಮೂಕಿ ಯುಗಕ್ಕೆ ಒಯ್ಯಿರಿ. ಇಲ್ಲವೇ ಬಣ್ಣ ಮಾಸಲಿ: 1970ರ ದಶಕದ ಎಷ್ಟೋ ವರ್ಣಪ್ರತಿಗಳಲ್ಲಿ ನೀಲಿ-ಹಸಿರು ಅಳಿದು, ಮುಖ, ಆಕಾಶ, ಹುಲ್ಲು ಎಲ್ಲವೂ ಗುಲಾಬಿಗೆ ತಿರುಗಿವೆ. ಜೊತೆಗೆ, ಡಬ್ಬಿ ತೆರೆದೊಡನೆ ಮೂಗಿಗೆ ಅಡರುವ ವಿನೆಗರ್ ವಾಸನೆ! ನೈಟ್ರೇಟ್ ಬದಲಿಗೆ ಬಂದ ಅಸಿಟೇಟ್ ಫಿಲ್ಮ್ ಕೊಳೆಯುವುದೇ ಹಾಗೆ. ನನಗಂತೂ ಇಂಥ ಒಂದು ವಿವರ ಮೂರು ಪುಟದ ಕಥಾಸಾರಕ್ಕಿಂತ ಮೇಲು. ಕಥೆಯನ್ನು ಪೂರ್ತಿ ಹೇಳಲೇಬೇಡಿ. 2022ರಲ್ಲಿ ಟಂಬ್ಲರ್ ಎಂಬ ಸಾಮಾಜಿಕ ಜಾಲತಾಣದ ಬಳಕೆದಾರರು ‘ಗೊಂಚರೋವ್’ ಎಂಬ ಇಲ್ಲದ ಚಿತ್ರವನ್ನು ಕಟ್ಟಿದ್ದು, ನೋಡಿಯೇ ಇರದ ದೃಶ್ಯಗಳ ಬಗ್ಗೆ ಗಂಭೀರವಾಗಿ ಚರ್ಚಿಸುತ್ತಲೇ.