ಇಂಜಿನ್ ಒಂದು ಸೆಂಟಿಮೀಟರ್ ಹೊರಗೇ ನಿಂತಿದೆ, ನಟ್ ಬಿಗಿದು ಎಳೆಯಲೇ?

ಪ್ರಶ್ನೆ: ನನ್ನದು 1968ರ ಫೋಕ್ಸ್‌ವ್ಯಾಗನ್ ಬೀಟಲ್. ಕ್ಲಚ್ ಬದಲಾಯಿಸಲು ಇಂಜಿನ್ ಇಳಿಸಿದ್ದೆ, ಈಗ ಮನೆಯಲ್ಲೇ ಕೂರಿಸುತ್ತಿದ್ದೇನೆ. ಗೇರ್ ಬಾಕ್ಸಿಗೆ ಒಂದು ಸೆಂಟಿಮೀಟರ್ ಬಾಕಿ ಇರುವಾಗ ನಿಂತುಬಿಟ್ಟಿದೆ. ನಾಲ್ಕೂ ನಟ್ ಬಿಗಿದರೆ ತಾನಾಗಿ ಒಳಗೆ ಬರುತ್ತದೆ ಎನ್ನುತ್ತಾರೆ. ಬಿಗಿಯಲೇ?

ಬೇಡ. ಮೊದಲು ಸ್ಪಾನರ್ ಕೆಳಗಿಡಿ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಯಾರೋ ಒಬ್ಬ ಮೆಕ್ಯಾನಿಕ್ "ಬಿಗೀರಿ ಸಾರ್, ಕೂತ್ಕೊಳ್ತದೆ" ಎಂದಿರುತ್ತಾನೆ. ಆ ನಟ್‌ಗಳಿರುವುದು ಕೂತ ಇಂಜಿನ್ನನ್ನು ಹಿಡಿದಿಡಲು, ಎಳೆದು ಕೂರಿಸಲು ಅಲ್ಲ. ಎಳೆದರೆ ಇಂಜಿನ್ನಿನ ಶಕ್ತಿಯನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ, ಇಲ್ಲವೇ ಕೇಸಿನ, ಅಂದರೆ ಹೊರಕವಚದ, ಬೋಲ್ಟ್ ಕೂರುವ ಕಿವಿ ಮುರಿಯುತ್ತದೆ. ಕೇಸು ಮೆಗ್ನೀಸಿಯಂ ಮಿಶ್ರಲೋಹ, ಕಬ್ಬಿಣವಲ್ಲ.

ಕಾರಣ ಹೆಚ್ಚಾಗಿ ಕ್ಲಚ್ ಪ್ಲೇಟೇ. ಅದನ್ನು ಫ್ಲೈವೀಲಿಗೆ (ಇಂಜಿನ್ ತುದಿಯ ಭಾರದ ಚಕ್ರ) ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಬಿಗಿಯುವಾಗ ಕ್ಲಚ್ ಪ್ಲೇಟ್ ಎರಡು ಮಿಲಿಮೀಟರ್ ಕೆಳಗೆ ಜಾರಿದ್ದರೂ ಸಾಕು, ಗೇರ್ ಬಾಕ್ಸಿನಿಂದ ಚಾಚಿದ ಮೇನ್ ಶಾಫ್ಟಿನ ತುದಿ ಫ್ಲೈವೀಲ್ ನಟ್‌ನೊಳಗಿನ ಬೇರಿಂಗಿಗೆ ಹೋಗುವುದೇ ಇಲ್ಲ. ಕಣ್ಣಂದಾಜಿಗೆ ಬಿಗಿದಿದ್ದರೆ ಇಂಜಿನ್ ಹಿಂದಕ್ಕೆ ತೆಗೆಯಿರಿ. ಹಳೇ ಮೇನ್ ಶಾಫ್ಟ್ ತುಂಡು ಅಥವಾ ಅಲೈನ್‌ಮೆಂಟ್ ಟೂಲ್ ತೂರಿಸಿ, ಪ್ಲೇಟನ್ನು ನಡುವಿಗೆ ತಂದು ಮತ್ತೆ ಬಿಗಿಯಿರಿ. ಬೇಜಾರಾಗುತ್ತದೆ, ಗೊತ್ತು, ಆದರೆ ಬೇರೆ ದಾರಿಯಿಲ್ಲ.

ಪ್ಲೇಟ್ ನಡುವಿನಲ್ಲೇ ಇದ್ದರೆ ಶಾಫ್ಟಿನ ಹಲ್ಲಿಗೆ ಪ್ಲೇಟಿನ ಹಲ್ಲು ಎದುರಾಗಿರಬಹುದು. ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕನೇ ಗೇರಿಗೆ ಹಾಕಿ. ಡೈನಮೋ ಪುಲ್ಲಿಯ ನಟ್‌ಗೆ 21ರ ಸ್ಪಾನರ್ ಕೊಟ್ಟು ಇಂಜಿನ್ ನಿಧಾನ ತಿರುಗಿಸುತ್ತಾ, ಇನ್ನೊಬ್ಬರು ಹಿಂದಿನಿಂದ ತಳ್ಳಲಿ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಸಂದಿ ಮೇಲೂ ಕೆಳಗೂ ಒಂದೇ ಸಮ ಇದೆಯೇ ಎಂದು ಬೆರಳಿಟ್ಟು ನೋಡಿ. ಮೇಲೆ ಜಾಸ್ತಿ, ಕೆಳಗೆ ಕಡಿಮೆ ಇದ್ದರೆ ಜಾಕ್ ಸರಿಪಡಿಸಿ, ತೋಳಿನ ಬಲ ತೋರಿಸಬೇಡಿ. ಎಲ್ಲ ಸರಿಯಿದ್ದರೆ ಇಂಜಿನ್ ಟಪ್ ಅಂತ ಕೂರುತ್ತದೆ, ನಟ್‌ಗಳು ಕೈಯಲ್ಲೇ ಓಡುತ್ತವೆ. ಆಮೇಲೆ ನಾಲ್ಕನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ 30 ನ್ಯೂಟನ್ ಮೀಟರಿಗೆ ನಿಲ್ಲಿಸಿ.

ಇನ್ನೊಂದು ಅನುಮಾನವೂ ಇರಲಿ. ಹಳೇ ಕಾರುಗಳಲ್ಲಿ ಯಾವ ಭಾಗ ಯಾವ ಕಾರಿನದೋ ಹೇಳಲಾಗದು. 6 ವೋಲ್ಟ್ ಕಾಲದ ಗೇರ್ ಬಾಕ್ಸಿಗೆ 12 ವೋಲ್ಟಿನ, 130 ಹಲ್ಲಿನ ಫ್ಲೈವೀಲ್ ತಂದರೆ ಗೇರ್ ಬಾಕ್ಸಿನ ಒಳಗೋಡೆಗೆ ತಾಗುತ್ತದೆ. ಹಳೆಯದು 109 ಹಲ್ಲಿನದು. ಎಣಿಸಿ ನೋಡಿ.

ಇಂಜಿನ್ ಅರ್ಧ ಕೂತಾಗ ಅದರ ಭಾರ ಮೇನ್ ಶಾಫ್ಟಿನ ಮೇಲೆ ನೇತಾಡಬಾರದು, ಜಾಕ್ ತೆಗೆದು ಟೀ ಕುಡಿಯಲು ಹೋಗಬೇಡಿ. ಕಾರನ್ನು ಎತ್ತಿ ನಿಲ್ಲಿಸಲು ಹಾಲೋ ಬ್ಲಾಕ್, ಇಟ್ಟಿಗೆ ಇಡುವವರ ಜೊತೆ ನಾನು ಮುಂದೆ ಮಾತೇ ಆಡುವುದಿಲ್ಲ. ಒಮ್ಮೆ ನನ್ನೆದುರೇ ಬ್ಲಾಕ್ ಪುಡಿಯಾಗಿ ಕಾರು ಕೆಳಗೆ ಕೂತಿತು, ಅದರಡಿಯಲ್ಲಿದ್ದವನು ಈಚೆ ಬಂದು ಒಂದು ನಿಮಿಷ ಆಗಿತ್ತು ಅಷ್ಟೆ. ಎತ್ತಿದ ಕಾರನ್ನು ಹೊರುವ ಆಕ್ಸಲ್ ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸ ಮನೆಯಲ್ಲಿ ಬೇಡ.

ಪ್ರಶ್ನೆ: ಗೇರ್ ಲಿವರ್ ಬಿಚ್ಚಿ ಹಾಕಿದ ಮೇಲೆ ರಿವರ್ಸ್ ಬೀಳುತ್ತಿಲ್ಲ. ಗೇರ್ ಬಾಕ್ಸ್ ಹೋಯಿತೆನ್ನುತ್ತಾರೆ.

ಹೇಳಿದವರಿಗೆ ದುಡ್ಡು ಕೊಡಬೇಡಿ. ತಪ್ಪಿ ರಿವರ್ಸ್ ಬೀಳದಂತೆ ತಡೆಯುವ, ಲಿವರ್ ಅಡಿಯ ಸ್ಟಾಪ್ ಪ್ಲೇಟ್ ತಿರುಗುಮುರುಗಾಗಿದೆ. ಅದರ ಮಡಚಿದ ಅಂಚು ಮೇಲ್ಮುಖವಾಗಿ ಬಲಕ್ಕೆ ಬರಬೇಕು. ಆಮೇಲೆ ಲಿವರ್ ಬುಡದ ಎರಡು ಬೋಲ್ಟ್ ಸಡಿಲಿಸಿ, ಎರಡನೇ ಗೇರಿನಲ್ಲಿಟ್ಟು, ಬುಡವನ್ನು ಹಿಂದೆ ಮುಂದೆ ಸರಿಸಿ ಹೊಂದಿಸಿ. ಇನ್ನೂ ಸಡಿಲವೆನಿಸಿದರೆ ಹಿಂದಿನ ಸೀಟಿನಡಿಯ ಮುಚ್ಚಳ ತೆಗೆದು, ಗೇರ್ ರಾಡನ್ನು ಗೇರ್ ಬಾಕ್ಸಿಗೆ ಜೋಡಿಸುವ ಕಪ್ಲರಿನ ಬುಷ್ ನೋಡಿ. ಚೌಕ ತಲೆಯ ಸ್ಕ್ರೂ ರಾಡಿನ ಗುಳಿಯಲ್ಲೇ ಕೂತು, ತಂತಿ ಕಟ್ಟಿರಬೇಕು.

ಪ್ರಶ್ನೆ: ಇಂಜಿನ್ ಸುತ್ತಲಿನ ರಬ್ಬರ್ ಸೀಲ್ ಬೇಡ ಎಂದರು, ಗಾಳಿ ಜಾಸ್ತಿ ಬರುತ್ತದಂತೆ?

ಕೆಳಗಿನ ಬಿಸಿ ಗಾಳಿ ಮೇಲೆ ಬಂದು ಇಂಜಿನ್ ಸುಡುತ್ತದೆ. ಹಾಕಿ.

ಪ್ರಶ್ನೆ: ಹಳೇ ಪೆಟ್ರೋಲ್ ಪೈಪ್ ಚೆನ್ನಾಗೇ ಇದೆ, ಅದನ್ನೇ ಹಾಕಲೇ?

ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ, ಅದು ಹಳೇ ರಬ್ಬರನ್ನು ಒಳಗಿನಿಂದ ತಿನ್ನುತ್ತದೆ. ಬೀಟಲ್‌ಗಳು ಸುಟ್ಟುಹೋಗುವುದು ಹೆಚ್ಚಾಗಿ ಇಲ್ಲಿಂದಲೇ. ಎಥನಾಲ್ ತಡೆಯುವ ಹೊಸ ಪೈಪ್, ಹೊಸ ಕ್ಲಾಂಪ್ ಹಾಕಿ, ಇಂಜಿನ್ ಕೂರುವಾಗ ಅದು ನಡುವೆ ಸಿಕ್ಕಿಕೊಂಡಿಲ್ಲವೇ ಎಂದು ಟಾರ್ಚ್ ಹಿಡಿದು ನೋಡಿ. ಸ್ಟಾರ್ಟ್ ಮಾಡುವಾಗ ಒಬ್ಬರು ಫೈರ್ ಎಕ್ಸ್‌ಟಿಂಗ್ವಿಷರ್ ಹಿಡಿದು ಪಕ್ಕದಲ್ಲೇ ನಿಂತಿರಲಿ.