ಪ್ರಶ್ನೋತ್ತರ: 60 ಕಳಿಸಿದರೆ 5 ಬಂತೇಕೆ?

ಪ್ರಶ್ನೆ: ಆರ್‌ಎಸ್‌ಎ ಗೂಢಲಿಪಿಯ ಲೆಕ್ಕವನ್ನು ಕೈಯಲ್ಲೇ ಮಾಡಿ ಕಲಿಯುತ್ತಿದ್ದೇನೆ. ಅವಿಭಾಜ್ಯಗಳು 5 ಮತ್ತು 11. ಬಹಿರಂಗ ಘಾತ 5 ಇಟ್ಟರೆ ಖಾಸಗಿ ಘಾತ ಸಿಗಲೇ ಇಲ್ಲ. 3 ಇಟ್ಟರೆ ಸಿಕ್ಕಿತು. ಆದರೆ 60 ಕಳಿಸಿದ್ದು ಬಿಡಿಸಿದಾಗ 5 ಆಗಿತ್ತು. 2ನ್ನು ಕಳಿಸಿ, ಬಂದ 8ನ್ನು ಬಿಡಿಸಹೋದರೆ ಕ್ಯಾಲ್ಕುಲೇಟರ್ ಏನೇನೋ ತೋರಿಸುತ್ತದೆ.
– ಬಿಸಿಎ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ. ಸಂದೇಶವನ್ನು ಕಳಿಸುವಾಗ ಬಹಿರಂಗ ಘಾತಕ್ಕೆ, ಬಿಡಿಸುವಾಗ ಖಾಸಗಿ ಘಾತಕ್ಕೆ ಏರಿಸಿ, ಪ್ರತಿ ಸಲವೂ 5×11=55ರಿಂದ ಭಾಗಿಸಿದ ಶೇಷವನ್ನು ತೆಗೆದುಕೊಳ್ಳುತ್ತೇವೆ. ಎರಡೂ ಅವಿಭಾಜ್ಯಗಳಿಂದ 1 ಕಳೆದು ಗುಣಿಸಿದರೆ 4×10=40. ಬಹಿರಂಗ ಘಾತಕ್ಕೂ ಈ 40ಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಕೂಡದು. 5 ಅಲ್ಲೇ ಬಿದ್ದುಹೋಯಿತು. 3 ಸರಿ: 3×27=81, 40ರಿಂದ ಭಾಗಿಸಿದರೆ ಶೇಷ 1; ಖಾಸಗಿ ಘಾತ 27. ಇನ್ನು 60ರ ವಿಷಯ. ಇಲ್ಲಿ ನಡೆಯುವುದೆಲ್ಲ 55ರ ಶೇಷದ ವ್ಯವಹಾರ. ಅದರ ಕಣ್ಣಿಗೆ 60ಕ್ಕೂ 5ಕ್ಕೂ ವ್ಯತ್ಯಾಸವಿಲ್ಲ. ಸಂದೇಶ 55ಕ್ಕಿಂತ ಚಿಕ್ಕದಿರಲೇಬೇಕು.

8ರ 27ನೇ ಘಾತ 25 ಅಂಕಿಯ ಸಂಖ್ಯೆ. ಕ್ಯಾಲ್ಕುಲೇಟರ್ ಕೊನೆಯ ಅಂಕಿಗಳನ್ನು ಕೈಬಿಟ್ಟು ಅಂದಾಜು ಕೊಡುತ್ತದೆ, ಅಂದಾಜಿನಿಂದ ಶೇಷ ಸಿಗದು. ವರ್ಗ ಮಾಡುತ್ತ ಹೋಗಿ, ಪ್ರತಿ ಸಲವೂ 55ರ ಶೇಷವನ್ನಷ್ಟೇ ಉಳಿಸಿಕೊಳ್ಳಿ. 2ನೇ ಘಾತಕ್ಕೆ 9, 4ಕ್ಕೆ 26, 8ಕ್ಕೆ 16, 16ಕ್ಕೆ 36. 27 ಅಂದರೆ 16+8+2+1. ಹಾಗಾಗಿ 36×16 ಶೇಷ 26. 26×9 ಶೇಷ 14. 14×8 ಅಂದರೆ 112, ಶೇಷ 2. ಮೂಲ ಸಂದೇಶ ಬಂತು.

ಪರೀಕ್ಷೆಗೆ ಇಷ್ಟು ಸಾಕು, ಬಳಕೆಗೆ ಸಾಲದು. ನಿಮ್ಮ 2ರ ಘನ 8, ಅದು 55ನ್ನು ದಾಟಲೇ ಇಲ್ಲ. ಕದ್ದು ನೋಡಿದವರು ಕೀಲಿಯ ಗೊಡವೆಯಿಲ್ಲದೆ ಘನಮೂಲ ತೆಗೆದರೆ ಮುಗಿಯಿತು. 617 ಅಂಕಿಯ, ಅಂದರೆ 2048 ಬಿಟ್‌ನ ಕೀಲಿಯಿದ್ದರೂ ಚಿಕ್ಕ ಸಂದೇಶಕ್ಕೆ ಇದೇ ಗತಿ. ಅದಕ್ಕೇ ಸಂದೇಶಕ್ಕೆ ಯಾದೃಚ್ಛಿಕ ಬಿಟ್‌ಗಳನ್ನು ಬೆರೆಸುವ ಓಎಇಪಿ ಪ್ಯಾಡಿಂಗ್ ಬೇಕು. ಘಾತವೂ ಸಾಮಾನ್ಯವಾಗಿ 65537.

ಪ್ರಶ್ನೆ: ಪ್ರಾಜೆಕ್ಟ್‌ನ ಲಾಗಿನ್ ಪಾಸ್‌ವರ್ಡ್‌ಗಳನ್ನು ಎಇಎಸ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿ ಇಡಬಹುದೇ? ಪಾಸ್‌ವರ್ಡ್ ಕನ್ನಡದಲ್ಲೂ ಇರಬಹುದು.
– ಓದುಗರು, ಹಾಸನ

ಉತ್ತರ: ಬೇಡ. ಎಇಎಸ್ ಒಂದೇ ಕೀಲಿಯಿಂದ ಮುಚ್ಚಿ ತೆರೆಯುವ ಗೂಢಲಿಪಿ; ಆ ಕೀಲಿ ಅದೇ ಸರ್ವರ್‌ನಲ್ಲಿದ್ದು ಕಳುವಾದರೆ ಎಲ್ಲ ಪಾಸ್‌ವರ್ಡ್‌ಗಳೂ ಬಯಲು. ಬಿಕ್ರಿಪ್ಟ್ ಅಥವಾ ಆರ್ಗಾನ್2 ಹ್ಯಾಶ್ (ಮತ್ತೆ ಮೂಲಕ್ಕೆ ತಿರುಗಿಸಲಾಗದ ರೂಪ) ಬಳಸಿ, ಪ್ರತಿ ಪಾಸ್‌ವರ್ಡ್‌ಗೂ ಬೇರೆ ಸಾಲ್ಟ್ (ಜೊತೆಗೆ ಬೆರೆಸುವ ಯಾದೃಚ್ಛಿಕ ತುಣುಕು) ಇರಲಿ. ಕನ್ನಡಕ್ಕಾದರೆ ಆರ್ಗಾನ್2 ವಾಸಿ. ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್ ಮಾತ್ರ, ಹಲವು ಲೈಬ್ರರಿಗಳು ಮಿಕ್ಕಿದ್ದನ್ನು ಸದ್ದಿಲ್ಲದೆ ಕತ್ತರಿಸುತ್ತವೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಚಿಹ್ನೆ, 18 ಬೈಟ್. ಅಂಥ ನಾಲ್ಕು ಅಕ್ಷರ ಆದಮೇಲೆ ಏನು ಬರೆದರೂ ಲಾಗಿನ್ ಆಗಿಬಿಡುತ್ತದೆ.