ಸೂಪರ್‌ಹೀರೋ ಸಿನಿಮಾಗಳೆಲ್ಲ ಯಾಕೆ ಒಂದೇ ಥರ ಇರುತ್ತವೆ?

ನಮ್ಮ ಚಿತ್ರದುರ್ಗದ ಕಡೆ ಬಯಲಾಟ ನೋಡಿದ್ದೀರಾ? ಮೀಸೆ ತಿರುವುತ್ತಾ ಪಾತ್ರ ಬಂದ ಕೂಡಲೇ ಸಾರಥಿ (ರಥ ಓಡಿಸುವವನಲ್ಲ, ಆಟ ನಡೆಸುವವನು) 'ತಾವು ಯಾರು?' ಅಂತ ಕೇಳುತ್ತಾನೆ. ಅದು ದುರ್ಯೋಧನ ಅಂತ ಮುಂದೆ ಕೂತ ಹುಡುಗರಿಗೂ ಗೊತ್ತು. ಆದರೂ ಆತ ತನ್ನ ಕಥೆ ಹೇಳಲೇಬೇಕು.

ಸೂಪರ್‌ಹೀರೋಗಳದ್ದೂ ಅದೇ. ಸೂಪರ್‌ಮ್ಯಾನ್‌ನ ಗ್ರಹ ನಾಶವಾಗಬೇಕು, ಬ್ಯಾಟ್‌ಮ್ಯಾನ್‌ನ ಅಪ್ಪ ಅಮ್ಮ ಸಾಯಬೇಕು. ಇನ್ನು ಗುಟ್ಟಿನ ಹೆಸರು, ಮುಖವಾಡ. 1938ರ ಮೊದಲ ಸೂಪರ್‌ಮ್ಯಾನ್ ಕಾಮಿಕ್ಸ್‌ನಲ್ಲೇ ಹೀರೋ ಕನ್ನಡಕ ಹಾಕಿದ ಪುಕ್ಕಲು ವರದಿಗಾರನಾಗಿ ಓಡಾಡುತ್ತಾನೆ. (ಬರೀ ಕನ್ನಡಕ! ಯಾರಿಗೂ ಗುರುತು ಸಿಗಲ್ಲವಂತೆ.)

ಈ ಅಚ್ಚು ಸುಮ್ನೆ ಸೋಮಾರಿತನ ಅಲ್ಲ. ಮುರಿಯೋಕೂ ಅದೇ ಬೇಕು. 2008ರ 'ಐರನ್ ಮ್ಯಾನ್' ಕೊನೆಯಲ್ಲಿ ಹೀರೋ ಪತ್ರಕರ್ತರ ಎದುರೇ ಗುಟ್ಟು ಬಿಟ್ಟುಕೊಡುತ್ತಾನೆ. ಗುಟ್ಟು ಕಾಯೋದೇ ರೂಢಿ ಅಂತ ಗೊತ್ತಿದ್ದವರಿಗೇ ಅಲ್ವಾ ಆ ಮಜಾ ಜಾಸ್ತಿ?